ಬಿಲ್ಲು ಮತ್ತು ನಾನಿಲ್ಲದ ಬುಧವಾರ

ಹೊಸದಾಗಿ ಏನನ್ನಾದರೂ ಕಲಿತು ಅದರಲ್ಲಿ ಸುಖ ಕಂಡವರ ಪಕ್ಕದಲ್ಲಿ ಕೂರುವುದು ಬಹಳ ಕಷ್ಟ. ದುಃಖದಲ್ಲಿರುವವರು ಹೇಗೋ ತಮ್ಮ ಪಾಡಿಗೆ ತಾವಿರುತ್ತಾರೆ. ಸುಖ ಕಂಡವರು ನಮ್ಮನ್ನೂ ಎಳೆದುಕೊಂಡು ಹೋಗದೆ ಬಿಡುವುದಿಲ್ಲ. ಹಿರಿಯೂರಿನಲ್ಲಿದ್ದ ನಮ್ಮ ದೊಡ್ಡಪ್ಪ ಒಂದು ಬೇಸಿಗೆಯಲ್ಲಿ ಮೆಂತ್ಯದ ನೀರು ಕುಡಿಯಲು ಶುರುಮಾಡಿ, ಮಂಡಿನೋವು ಮಾಯವಾಯಿತೆಂದು ಸಾರುತ್ತ, ಮದುವೆ ಮನೆಗಳಿಗೂ ಬಾಟಲಿ ಹಿಡಿದೇ ಬರುತ್ತಿದ್ದರು. ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಅವರ ಬಾಟಲಿ ಬಂದಿರುತ್ತಿತ್ತು. ಅವರು ಗೇಟಿನ ಹತ್ತಿರ ಕಂಡರೆ ಸಾಕು, ಮಕ್ಕಳೆಲ್ಲ ಹಿತ್ತಲಿಗೆ ಓಡುತ್ತಿದ್ದೆವು. ಪಾಪ, ಅವರಿಗೆ ನಮ್ಮ ಮಂಡಿಗಳ ಮೇಲೆ ನಿಜವಾದ ಪ್ರೀತಿಯಿತ್ತು. ಅದು ನನಗೆ ಅರ್ಥವಾಗುವ ಹೊತ್ತಿಗೆ ನಾನೇ ನನ್ನವರ ಪಾಲಿಗೆ ಆ ದೊಡ್ಡಪ್ಪ ಆಗಿಬಿಟ್ಟಿದ್ದೆ. ಬಾಟಲಿಯ ಬದಲು ನನ್ನ ಕೈಯಲ್ಲಿ ಬಿದಿರಿನ ಬಿಲ್ಲಿತ್ತು, ಅಷ್ಟೇ ವ್ಯತ್ಯಾಸ.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಪುಸ್ತಕದ ಧೂಳು, ಮೌನ ಮತ್ತು ಕುರ್ಚಿ, ಈ ಮೂರರ ನಡುವೆ ಬೆನ್ನು ಬಾಗಿಸಿಕೊಂಡು ಬದುಕಿದವಳು. ಒಂದು ಸಲ ವಿದ್ಯಾರ್ಥಿನಿಯರನ್ನು ಬಿಲ್ಲುಗಾರಿಕೆಯ ಶಿಬಿರಕ್ಕೆ ಕರೆದುಕೊಂಡು ಹೋಗಲು ಯಾರೂ ಸಿಗದೆ ನನ್ನನ್ನು ಕಳಿಸಿದರು. ಚಂದ್ರವಳ್ಳಿ ರಸ್ತೆಯ ಬದಿಯ ಬಯಲಿನಲ್ಲಿ ಓಬಳೇಶಪ್ಪ ಮೇಷ್ಟ್ರು ಎಂಬ ನಿವೃತ್ತ ಪಿ.ಟಿ. ಮೇಷ್ಟ್ರು ಹುಲ್ಲಿನ ಕಂತೆ ಕಟ್ಟಿ ನಿಲ್ಲಿಸಿ, ಹಳೆಯ ಕಾಲದ ಬಿದಿರು ಬಿಲ್ಲುಗಳಲ್ಲಿ ಕಲಿಸುತ್ತಿದ್ದರು. ನಾನು ಮರದ ಕೆಳಗೆ ಕೂತು ಹುಡುಗಿಯರ ಚಪ್ಪಲಿ ಕಾಯುತ್ತಿದ್ದೆ. ಮೇಷ್ಟ್ರು, "ಸುಮ್ನೆ ಯಾಕ್ ಕುಂತೀರಿ ಮೇಡಂ? ನೀವೂ ಒಂದು ಬಿಡ್ರಿ" ಎಂದರು. ಬಿಟ್ಟೆ. ಬಾಣ ಹೋಗಿ ಕಂತೆಯ ಮೂಲೆಗೆ ದಬ್ಬೆಂದು ನಾಟಿತು. ಆ ದಬ್ ಎಂಬ ಸದ್ದು ನನ್ನ ಎದೆಯೊಳಗೇ ಆದಂತಾಯಿತು. ಬಹಳ ವರ್ಷಗಳಿಂದ ಎಲ್ಲರಿಗೂ ಸದ್ದು ಮಾಡಬೇಡಿ ಎಂದೇ ಹೇಳಿಕೊಂಡು ಬಂದವಳಿಗೆ, ನಾನೇ ಮಾಡಿದ ಒಂದು ಸದ್ದು ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಆ ಬಯಲಿನಲ್ಲಿರುತ್ತಿದ್ದೆ. ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಈ ಸುಖ ನನ್ನವರಿಗೆಲ್ಲ ಸಿಗಬೇಕು ಎನಿಸಿತು. ಅಲ್ಲಿಂದ ಶುರುವಾಯಿತು ಕೇಡು.

ಮೊದಲು ವಾಟ್ಸ್ಯಾಪಿನ ಸ್ಟೇಟಸ್ಸಿನಲ್ಲಿ ಬಿಲ್ಲು ಹಿಡಿದ ನನ್ನ ಫೋಟೋ ಹಾಕಿದೆ. ಆಮೇಲೆ ಹಾಕುತ್ತಲೇ ಇದ್ದೆ. ಹೊಸದುರ್ಗದಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋದಾಗ, ತೊಟ್ಟಿಲ ಪಕ್ಕದಲ್ಲೇ ನಿಂತು ಬಿಲ್ಲುಗಾರಿಕೆಯಿಂದ ಕುತ್ತಿಗೆ ನೋವು ಹೇಗೆ ಹೋಗುತ್ತದೆ, ಮನಸ್ಸು ಹೇಗೆ ಒಂದೆಡೆ ನಿಲ್ಲುತ್ತದೆ ಎಂದು ವಿವರಿಸಿದೆ. ವಯಸ್ಸಾದ ಅತ್ತೆಯೊಬ್ಬರು ಕೇಳುವಷ್ಟು ಕೇಳಿ, "ಎಲ್ಲಾ ಸರಿ ಕಣೆ ವನಜಾ, ಈಗ ಯಾರಿಗೆ ಹೊಡಿಬೇಕು ಅಂತ ಮಾಡೀಯ?" ಎಂದರು. ಹೊಳಲ್ಕೆರೆಯಲ್ಲಿರುವ ನನ್ನ ತಮ್ಮ ತಿಪ್ಪೇಶನಿಗಂತೂ ವಾರವಾರ ಫೋನು ಮಾಡುತ್ತಿದ್ದೆ. ಅವನದು ಒಂದೇ ಉತ್ತರ: "ಅಕ್ಕಾ, ಭುಜ ನೋವು ಐತೆ." ಒಂದು ವಾರ ಎಡ ಭುಜ, ಇನ್ನೊಂದು ವಾರ ಬಲ ಭುಜ. ಯಾವ ಭುಜವೋ ಸರಿಯಾಗಿ ಹೇಳು ಎಂದರೆ, "ನೀನು ಯಾವ ಭುಜ ಬೇಕು ಅಂತೀಯೋ ಅದೇ ಅಕ್ಕಾ" ಎಂದು ಫೋನು ಇಟ್ಟ.

ನಮ್ಮ ಮನೆಯವರನ್ನು ಮೋಸದಿಂದ ಕರೆದುಕೊಂಡು ಹೋದೆ. ಭಾನುವಾರ ಬೆಳಿಗ್ಗೆ ಮಂಡಕ್ಕಿ, ಮಿರ್ಚಿ ತಿನ್ನಲು ಹೋಗಾಣ ಎಂದು ಸ್ಕೂಟರ್ ಹತ್ತಿಸಿ, ದಾರಿಯಲ್ಲಿ ಬಯಲಿನ ಕಡೆ ತಿರುಗಿಸಿದೆ. ಅವರು ಕೆಟ್ಟವರಲ್ಲ, ಬಂದಮೇಲೆ ಒಂದು ಕೈ ನೋಡೋಣವೆಂದು ಬಿಲ್ಲು ಎತ್ತಿಕೊಂಡರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ಕಾಲು ಅಗಲಿಸಿ. ಅಷ್ಟೊಂದು ಬೇಡ. ಗದ್ದ ಎತ್ತಿ. ಹೊಟ್ಟೆ ಒಳಗೆ. ಮೊಳಕೈ ಮೇಲೆ. ಉಸಿರು ಹಿಡೀರಿ, ಈಗ ಬಿಡಿ, ಬಾಣ ಅಲ್ಲ ರೀ, ಉಸಿರು ಬಿಡಿ! ಅವರು ಹೂಡಿದ ಬಾಣವನ್ನು ಹಾಗೆಯೇ ಹಿಡಿದುಕೊಂಡು ನನ್ನತ್ತ ತಿರುಗಿದಾಗ ಮೇಷ್ಟ್ರು ಎರಡು ಹೆಜ್ಜೆ ಪಕ್ಕಕ್ಕೆ ಜಿಗಿದರು. ನಮ್ಮ ಮನೆಯವರು ಮೆಲ್ಲಗೆ ಬಿಲ್ಲು ಕೆಳಗಿಟ್ಟು, "ಲೇ ವನಜಾ, ಮದುವೆ ಆದಾಗಿಂದ ನಾನು ಹೆಂಗ್ ನಿಂತ್ರೂ ನಿನಗೆ ಸರಿ ಕಂಡಿಲ್ಲ. ಬಿಲ್ಲು ಹಿಡ್ದು ನಿಂತ್ರೆ ಸರಿ ಕಾಣ್ತೀನಾ? ಬಾ, ಮಿರ್ಚಿ ಆರಿ ಹೋಗ್ತವೆ" ಎಂದರು. ನಾನು ನಕ್ಕೆ. ನಗುವ ಮಾತೆಂದೇ ಆಗ ತಿಳಿದಿದ್ದೆ.

ಇವರೆಲ್ಲ ಬರದಿದ್ದರೆ ಹೋಗಲಿ. ಶಮೀಮಳದ್ದು ಬೇರೆ ಮಾತು. ಶಮೀಮ್ ನಮ್ಮ ಪಕ್ಕದ ಮನೆಯವಳು. ಅವಳ ಮನೆತನ ಕೋಟೆಯ ಕೆಳಗಿನ ಪೇಟೆಯಲ್ಲಿ ತಲೆಮಾರುಗಳಿಂದ ಇರುವಂಥದ್ದು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಮ್ಮಿಬ್ಬರ ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಒಂದು ಗೋಡೆಯಿದೆ. ಒಣಗಿದ ಬಟ್ಟೆ ತೆಗೆಯುವ ನೆವದಲ್ಲಿ ಸಂಜೆ ಮೇಲೆ ಹೋದವರು ಆ ಗೋಡೆಯ ಮೇಲೆ ಕೂತರೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಣ್ಣಿಗೆ ಕಾಣದಷ್ಟು ಕತ್ತಲಾಗುವವರೆಗೂ ಏಳುತ್ತಿರಲಿಲ್ಲ. ನನ್ನ ಮಾತನ್ನು ನಿಜವಾಗಿ ಇಷ್ಟಪಟ್ಟು ಕೇಳುತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ. ನಾನು ಕರೆಯುವ ಮೊದಲೇ ಅವಳು ಒಂದು ದಿನ, "ನಂಗೂ ಒಂದ್ಸಲ ಕರ್ಕಂಡ್ ಹೋಗೆ. ಸಣ್ಣಾಕಿ ಇದ್ದಾಗ ಕವಣೇಲಿ ಹುಣಸೆಕಾಯಿ ಬೀಳಿಸ್ತಿದ್ದೆ. ನಮ್ಮ ಅಬ್ಬಾ ಬೈತಿದ್ರು, ಆದ್ರೆ ಹುಣಸೆಕಾಯಿ ಮಾತ್ರ ತಿಂತಿದ್ರು" ಎಂದಳು. ನನಗಾದ ಸಂತೋಷ ಹೇಳತೀರದು.

ಆ ಭಾನುವಾರ ಅವಳು ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡು, ಹೊಲಿಗೆಯವಳ ನಿಧಾನದ ಕೈಯಲ್ಲಿ ಬಿಲ್ಲನ್ನು ಸವರಿ ನೋಡಿದಳು. ಸೂಜಿಗೆ ದಾರ ಪೋಣಿಸುವಾಗ ಮಾಡುವಂತೆ ಒಂದು ಕಣ್ಣು ಮುಚ್ಚಿದಳು. ನಾನು, "ಎರಡೂ ಕಣ್ಣು ತೆಗಿ" ಎಂದೆ. ತೆಗೆದಳು. ಹೆಬ್ಬೆರಳು ಸರಿಯಿಲ್ಲ ಎಂದೆ. ಸರಿಮಾಡಿಕೊಂಡಳು. ಸೊಂಟ ತಿರುಗಿದೆ ಎಂದೆ. ಹೆದೆ, ಅಂದರೆ ಬಿಲ್ಲಿನ ದಾರ, ಅವಳ ಕೆನ್ನೆಯವರೆಗೆ ಬಂದಾಗೆಲ್ಲ ನನಗೊಂದು ತಪ್ಪು ಕಾಣುತ್ತಿತ್ತು. ಅವಳು ಮತ್ತೆ ಸಡಿಲಿಸುತ್ತಿದ್ದಳು. ನಾನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವಳ ಮೊದಲ ಬಾಣವೇ ನಡುವಿಗೆ ನಾಟಲಿ, ಆ ಸದ್ದು ಅವಳಿಗೂ ಕೇಳಲಿ ಎಂದೇ ಹೇಳಿದೆ. ಬಿಸಿಲೇರಿತು. ಅವಳ ತೋಳು ನಡುಗತೊಡಗಿತು. ಕೊನೆಗೆ ಬಿಲ್ಲನ್ನು ನನ್ನ ಕೈಗೆ ಕೊಟ್ಟು, ಬೆವರು ಒರೆಸಿಕೊಂಡು, ನಗುತ್ತಲೇ, "ಬಿಲ್ಲೇನೋ ಕೊಟ್ಟೆ ಕಣೆ ನೀನು. ಬಾಣ ಬಿಡಾಕೆ ಮಾತ್ರ ಬಿಡ್ಲಿಲ್ಲ" ಎಂದಳು.

ಮುಂದಿನ ಭಾನುವಾರ ಅವಳಿಗೆ ಮದುವೆ ಬಟ್ಟೆಯ ಆರ್ಡರ್ ಬಂದಿತ್ತು. ಅದರ ಮುಂದಿನ ವಾರವೂ ಬಂದಿತ್ತು. ಈ ಊರಿನಲ್ಲಿ ಇಷ್ಟೊಂದು ಜನ ಮದುವೆಯಾಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಮಾಳಿಗೆಯ ಮೇಲೂ, ನಾನು ಬಿಲ್ಲು ಎಂಬ ಮಾತಿನ ಮೊದಲಕ್ಷರ ಎತ್ತಿದರೆ, ಅವಳಿಗೆ ಕೆಳಗೆ ಕುಕ್ಕರ್ ಕೂಗಿದ್ದು ಕೇಳುತ್ತಿತ್ತು. ನನ್ನ ಕಿವಿಗೆ ಕೇಳುತ್ತಿರಲಿಲ್ಲ. ಬರಬರುತ್ತ ಆ ಗೋಡೆಯ ಮೇಲೆ ನಾನೊಬ್ಬಳೇ ಕೂರುವಂತಾಯಿತು. ಆಗ ನಿರ್ಧಾರ ಮಾಡಿದೆ: ಇನ್ನು ಯಾರನ್ನೂ ಕರೆಯುವುದಿಲ್ಲ. ಸ್ಟೇಟಸ್ ಹಾಕುವುದು ಬಿಟ್ಟೆ. ತಿಪ್ಪೇಶನಿಗೆ ಫೋನು ಮಾಡಿ ಅವನ ಮಕ್ಕಳ ಓದನ್ನಷ್ಟೇ ವಿಚಾರಿಸಿದೆ. ಅವನು ಗಾಬರಿಯಾಗಿ, "ಅಕ್ಕಾ, ಆರಾಮಿದೀಯ ತಾನೆ?" ಎಂದ.

ಆ ಹೊತ್ತಿಗೆ ಪರೀಕ್ಷೆಗಳು ಬಂದು, ಗ್ರಂಥಾಲಯವನ್ನು ಸಂಜೆಯೂ ತೆರೆದಿಡಬೇಕೆಂದು ಆದೇಶವಾಯಿತು. ನನ್ನ ಪಾಳಿ ಬುಧವಾರ. ಬುಧವಾರ ನಾನು ಮನೆಗೆ ಬರುವಾಗ ನಮ್ಮ ಮನೆಯವರು ವಿಚಿತ್ರವಾಗಿ ಖುಷಿಯಾಗಿರುತ್ತಿದ್ದರು. ಅವರೇ ಅನ್ನಕ್ಕೆ ಇಟ್ಟಿರುತ್ತಿದ್ದರು. ಸಿಳ್ಳೆ ಬೇರೆ. ಒಂದು ದಿನ ಅಂಗಿಯ ತೋಳು ಮಡಿಸಿದಾಗ ಎಡ ಮುಂಗೈಯ ಒಳಭಾಗದಲ್ಲಿ ಉದ್ದನೆಯ ಕೆಂಪು ಬರೆ ಕಂಡಿತು. ಏನ್ರೀ ಇದು ಎಂದರೆ, "ಸ್ಕೂಟರಿಂದು ಹ್ಯಾಂಡಲ್ ತಗುಲ್ತು" ಎಂದರು. ಯಾವ ಸ್ಕೂಟರಿನ ಹ್ಯಾಂಡಲ್ಲೂ ಅಲ್ಲಿ ಹಾಗೆ ತಗುಲುವುದಿಲ್ಲ. ಅದು ಹೆದೆ ಬಡಿದ ಗುರುತು. ಹೊಸಬರೆಲ್ಲರ ಕೈಯಲ್ಲೂ ಅದು ಏಳುತ್ತದೆ, ನನ್ನ ಕೈಯಲ್ಲೂ ಎದ್ದಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೆ. ಒಳಗೊಳಗೇ ಹಿಗ್ಗಿ ಹೋಗಿದ್ದೆ. ನನ್ನನ್ನು ಬೆರಗುಗೊಳಿಸಲೆಂದು ಗುಟ್ಟಾಗಿ ಕಲಿಯುತ್ತಿದ್ದಾರೆ! ಒಂದು ಭಾನುವಾರ ಥಟ್ಟನೆ ಬಂದು ನನ್ನ ಪಕ್ಕದಲ್ಲಿ ನಿಂತು ಬಾಣ ಬಿಡುತ್ತಾರೆ! ಈ ವಯಸ್ಸಿನಲ್ಲಿ ನಾನು ಹೀಗೆಲ್ಲ ಕಲ್ಪಿಸಿಕೊಂಡು ನಾಚಿಕೊಂಡೆ ಎಂದರೆ ನೀವು ನಗಬಾರದು.

ಮುಂದಿನ ಬುಧವಾರ ಕಾಲೇಜಿನಲ್ಲಿ ಕರೆಂಟು ಹೋಗಿ, ಬೇಗ ಬಾಗಿಲು ಹಾಕಬೇಕಾಯಿತು. ನಾನು ಆಟೋ ಹಿಡಿದು ನೇರ ಬಯಲಿಗೆ ಹೋದೆ. ರಸ್ತೆಯಂಚಿನ ಬೇವಿನ ಮರದವರೆಗೆ ಬಂದವಳು ಅಲ್ಲೇ ನಿಂತೆ. ನಮ್ಮ ಮನೆಯವರಿದ್ದರು. ಪಕ್ಕದಲ್ಲಿ ಶಮೀಮ್ ಇದ್ದಳು. ಹೊಳಲ್ಕೆರೆಯಿಂದ ಬಸ್ಸು ಹತ್ತಿ ಬಂದ ತಿಪ್ಪೇಶನೂ ಇದ್ದ, ಎರಡೂ ಭುಜಗಳ ಸಮೇತ. ಮೇಷ್ಟ್ರು ಕಲ್ಲಿನ ಮೇಲೆ ಕೂತು ಶೇಂಗಾ ಬಿಡಿಸಿಕೊಂಡು ತಿನ್ನುತ್ತಿದ್ದರು. ಯಾರೂ ಯಾರಿಗೂ ಏನೂ ಹೇಳಿಕೊಡುತ್ತಿರಲಿಲ್ಲ. ನಮ್ಮ ಮನೆಯವರ ಬಾಣ ಹುಲ್ಲಿನ ಕಂತೆಯನ್ನು ಬಿಟ್ಟು ಬೇರೆಲ್ಲ ಕಡೆಗೂ ಹೋಗುತ್ತಿತ್ತು, ಹೋದಾಗಲೆಲ್ಲ ಮೂವರೂ ಹೋ ಎಂದು ನಗುತ್ತಿದ್ದರು. "ಭಾವಾ, ಉಸಿರು! ಉಸಿರೆಲ್ಲಿ ಹೋತು ನಿಮ್ದು? ಹೊಟ್ಟೆ ಒಳಗೆ ತಗಳ್ರಿ!" ಎಂದು ತಿಪ್ಪೇಶ ಸೊಂಟದ ಮೇಲೆ ಕೈಯಿಟ್ಟು ಹೆಣ್ಣು ದನಿಯಲ್ಲಿ ಕೂಗಿದ. ಅದು ನನ್ನ ದನಿ. ಬಹಳ ಚೆನ್ನಾಗಿ ಮಾಡಿದ. ನನಗೇ ನಗು ಬರುವುದರಲ್ಲಿತ್ತು. ಶಮೀಮ್ ಮಾತ್ರ, "ಬ್ಯಾಡಪ್ಪ, ಹಂಗ್ ಮಾಡ್ಬ್ಯಾಡ. ಪಾಪ ಅವಳಿಂದಾನೇ ಅಲ್ಲೇನು ನಾವು ಬಂದಿದ್ದು" ಎಂದಳು. ಹಾಗೆಂದು ಬಿಲ್ಲೆತ್ತಿ, ಒಂದು ಕಣ್ಣು ಮುಚ್ಚಿ, ಸೊಂಟ ತಿರುಗಿಸಿಯೇ ಎಳೆದು ಬಿಟ್ಟಳು. ದಬ್! ನಡುವಿಗೇ ನಾಟಿತು. ಅವಳು ದುಪಟ್ಟಾ ಜಾರಿದ್ದೂ ಗೊತ್ತಿಲ್ಲದೆ ಹುಡುಗಿಯಂತೆ ಕುಣಿದಳು. ಆ ಮುಖವನ್ನು ನೋಡಬೇಕೆಂದೇ ನಾನು ಅವಳನ್ನು ಕರೆದುಕೊಂಡು ಬಂದಿದ್ದೆ. ನೋಡಿದೆ, ಮರದ ಮರೆಯಿಂದ.

ಅವರ ಹತ್ತಿರ ಹೋಗಬಹುದಿತ್ತು. ನಾನೂ ಬಂದೆ ಎಂದು ನಕ್ಕುಬಿಡಬಹುದಿತ್ತು. ಆದರೆ ನಾನು ಆ ಬಯಲಿಗೆ ಕಾಲಿಟ್ಟ ಕೂಡಲೇ ಮೂವರೂ ನೆಟ್ಟಗೆ ನಿಲ್ಲುತ್ತಾರೆ, ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ ಎಂದು ಗೊತ್ತಿತ್ತು. ಹಿಂದಿರುಗಿ ನಡೆದೇ ಮನೆ ಸೇರಿದೆ. ಭಾನುವಾರ ಮೇಷ್ಟ್ರು ತಾವಾಗಿಯೇ, "ನಿಮ್ಮನ್ನ ನೋಡಿದ್ನಿ ಮೇಡಂ ಅವತ್ತು. ಕರಿಯಾಣ ಅನ್ನಿಸ್ತು. ಆಮೇಲೆ ಬ್ಯಾಡ ಅನ್ನಿಸ್ತು. ಬೇಜಾರ್ ಮಾಡ್ಕಬ್ಯಾಡ್ರಿ" ಎಂದರು. ಬೇಜಾರಿಲ್ಲ ಎಂದೆ. ಅವತ್ತು ನನ್ನ ಒಂದು ಬಾಣವೂ ಕಂತೆಗೆ ತಾಗಲಿಲ್ಲ. ಗಾಳಿ ಜೋರಿತ್ತು ಎಂದು ಮೇಷ್ಟ್ರು ಹೇಳಿದ್ದು ಅವರ ದೊಡ್ಡತನ.

ಪರೀಕ್ಷೆ ಮುಗಿದರೂ, ವಿದ್ಯಾರ್ಥಿಗಳು ಕೇಳಿಕೊಂಡರೆಂದು ಗ್ರಂಥಾಲಯದ ಸಂಜೆಯ ಹೊತ್ತನ್ನು ಹಾಗೆಯೇ ಉಳಿಸಿದರು. ಪಾಳಿಗಳನ್ನು ಹೊಸದಾಗಿ ಹಂಚುವಾಗ ಪ್ರಾಂಶುಪಾಲರು, "ನೀವು ಹಿರಿಯರು, ನಿಮಗೆ ಸಂಜೆ ಪಾಳಿ ಬೇಡ ಬಿಡಿ" ಎಂದರು. ನಾನು ಬುಧವಾರ ನನಗೇ ಇರಲಿ ಎಂದೆ. ಅವರು ಅದನ್ನು ನನ್ನ ಕರ್ತವ್ಯನಿಷ್ಠೆ ಎಂದು ತಿಳಿದು ಸಭೆಯಲ್ಲಿ ಹೊಗಳಿದರು. ನಾನು ತಲೆ ತಗ್ಗಿಸಿದ್ದನ್ನು ವಿನಯವೆಂದುಕೊಂಡರು. ಬುಧವಾರವನ್ನು ನಾನೇ ಕೇಳಿ ಉಳಿಸಿಕೊಂಡೆನೆಂದು ಮನೆಯಲ್ಲಿ ಹೇಳಿಲ್ಲ. ಮೊನ್ನೆ ಮಾಳಿಗೆಯ ಮೇಲೆ ಶಮೀಮ್ ಒಣಗಿದ ಬಟ್ಟೆ ಮಡಿಸುತ್ತ, "ವನಜಾ, ಬುಧವಾರ ನಿಂಗೆ ಬಿಡುವು ಸಿಗಾದೇ ಇಲ್ವೇನೆ?" ಎಂದು ಕೇಳಿದಳು. ಇಲ್ಲ ಕಣೆ, ಡ್ಯೂಟಿ ಎಂದೆ. "ಅಯ್ಯೋ ಪಾಪ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಮುಖದಲ್ಲಿ ಸಂಕಟವೂ ಇತ್ತು, ನಿರಾಳವೂ ಇತ್ತು. ಯಾವುದು ಹೆಚ್ಚಿತ್ತೆಂದು ನಾನು ನೋಡಲು ಹೋಗಲಿಲ್ಲ. ಅವಳು ಈಗ ಮತ್ತೆ ಕತ್ತಲಾಗುವವರೆಗೆ ಕೂರುತ್ತಾಳೆ, ನನಗೆ ಅಷ್ಟು ಸಾಕು.

ಹೀಗೆ ಬುಧವಾರದ ಸಂಜೆ ನಾನು ಗ್ರಂಥಾಲಯದಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಅಂತೂ ಸುಮ್ಮನಿರುವುದನ್ನು ಕಲಿತೆನಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಹೋದ ವಾರ, ಬುಧವಾರದ ಪಾಳಿಗೆ ನನ್ನ ಜೊತೆಗಿರುವ ಅಟೆಂಡರ್ ಗಂಗಮ್ಮ ಏಣಿ ಹತ್ತಿ ಮೇಲಿನ ಅರೆಯಿಂದ ದಪ್ಪ ಪುಸ್ತಕವೊಂದನ್ನು ಎಳೆಯುತ್ತಿದ್ದಳು. ಕೆಳಗೆ ನಿಂತ ನಾನು, "ಗಂಗಮ್ಮಾ, ಕಾಲು ಅಗಲಿಸು. ಅಷ್ಟು ಬೇಡ. ಮೊಳಕೈ ಸ್ವಲ್ಪ ಮೇಲೆ. ಉಸಿರು ಹಿಡಿ" ಎಂದೆ. ಅವಳು ಪುಸ್ತಕ ಅಲ್ಲೇ ಬಿಟ್ಟು, ಕೆಳಗಿಳಿದು, ನನ್ನನ್ನೊಮ್ಮೆ ನೋಡಿ ಹೋದಳು. ಈ ವಾರದಿಂದ ಗಂಗಮ್ಮ ಗುರುವಾರದ ಪಾಳಿ ಕೇಳಿ ಹಾಕಿಸಿಕೊಂಡಿದ್ದಾಳೆ.