ಎಲೆ, ಹಾಲು, ಕವಡೆ ಮತ್ತು ಐದು ಕಂಪ್ಯೂಟರು

ಇಲ್ಲಿ ಬರೆದಿರುವ ಅಕ್ಷರಕ್ಷರವೂ ನಿಜ. ಬೇಕಾದರೆ ಮೊಸಳೆ ಊರಿನ ಜೋಡಿ ದೇವಸ್ಥಾನದ ಮುಂದೆ ಕರ್ಪೂರ ಆರಿಸಿ ಆಣೆ ಮಾಡಲೂ ಸಿದ್ಧ. ಎರಡು ಸಾವಿರದ ಇಸವಿಯ ಆಚೀಚೆ ಹಾಸನ ಜಿಲ್ಲೆಗೆ ಕಂಪ್ಯೂಟರ್ ಕಲಿಸಿದವನು ನಾನೇ. ಮೇಷ್ಟ್ರುಗಳ ಜೊತೆ ಕೂತು ಪಾಠ ಕಟ್ಟುವುದು ನನ್ನ ಕೆಲಸ, ಮಕ್ಕಳಿಗೆ ಮನೆಯಲ್ಲಿ ಗೊತ್ತಿರುವುದರಿಂದಲೇ ಶುರು ಮಾಡಬೇಕೆಂಬುದು ನನ್ನ ಹಟ. ಹಾಗಾಗಿ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಆಗ ಹೊಳೆನರಸೀಪುರದ ಹತ್ತಿರದ ಹೈಸ್ಕೂಲೊಂದಕ್ಕೆ ಐದು ಕಂಪ್ಯೂಟರ್ ಬಂದಿದ್ದವು. ಅಲ್ಲಿನ ಗಣಿತದ ಮೇಡಂ, ಶಿಕ್ಷಣ ಇಲಾಖೆಯ ಸಾಹೇಬರ ಎದುರು ಮಾದರಿ ಪಾಠ ಮಾಡಬೇಕಿತ್ತು. ಪಾಠ ಕೆಟ್ಟರೆ ಐದೂ ಚನ್ನರಾಯಪಟ್ಟಣಕ್ಕೆ ಎಂದು ಸಾಹೇಬರ ಅಪ್ಪಣೆ.

ಎಲೆ

ಅರಕಲಗೂಡಿನ ತಯಾರಿ ಸಭೆಯಲ್ಲಿ ಮೊದಲಿಗೆ, ಕಂಪ್ಯೂಟರಿಗೆ ಸೂಚನೆಗಳನ್ನು ಕ್ರಮವಾಗಿ ಕೊಡುವ ಪಾಠ. ಊಟದೆಲೆಗೆ ಬಡಿಸುವ ಕ್ರಮವನ್ನೇ ಬರೆಯಿರಿ ಎಂದೆ. ಉಪ್ಪಿನ ತನಕ ಎಲ್ಲರೂ ಒಂದೇ. ಆಮೇಲೆ ಪುರೋಹಿತರ ಮನೆಯ ಸಂಸ್ಕೃತ ಮೇಷ್ಟ್ರು ಪಾಯಸ ಎಂದರು. ಒಕ್ಕಲು ಮನೆಯ ಪಿ.ಟಿ. ಮೇಷ್ಟ್ರು, ಮುದ್ದೆ ಇಳಿಯದೆ ಪಾಯಸ ಎಂಥದು ಎಂದು ತೋಳೇರಿಸಿದರು. ಸಂಜೆಯಾದರೂ ಎಲೆಯ ಮೇಲೆ ಉಪ್ಪಿನ ಹೊರತು ಏನೂ ಬೀಳಲಿಲ್ಲ.

ಹಾಲು

'ಹೀಗಿದ್ದರೆ ಹೀಗೆ' ಎಂಬ ಪಾಠಕ್ಕೆ ಡೇರಿ ಆರಿಸಿದೆವು. ಮೇಡಂ ಒಂದು ಸಲ ತಾಲೀಮು ಮಾಡಲಿ ಎಂದು ಶಾಂತಿಗ್ರಾಮದ ಕಡೆಯ ಶಾಲೆಗೆ ಕರೆದೊಯ್ದೆ. ಹಾಲು ನೀರಾಗಿದ್ದರೆ ಏನಾಗುತ್ತದೆ ಎಂದು ಅವರು ಕೇಳಿದರು. ಮುಂದಿನ ಬೆಂಚಿನ ಹುಡುಗಿ ಎದ್ದಳು.

"ಅಳೆಯೋರು ನಮ್ ಮಾವ ಆದ್ರೆ ಉಯ್ಕತಾರೆ ಮಿಸ್. ಬ್ಯಾರೇರಾದ್ರೆ ವಾಪಸ್ ಕಳುಸ್ತಾರೆ."

ಷರತ್ತಿನ ಹೊಟ್ಟೆಯೊಳಗೊಂದು ಷರತ್ತು. ನಾನು ಅದನ್ನು ಮುಂದಿನ ವರ್ಷದ ಪಾಠವೆಂದು ಇಟ್ಟುಕೊಂಡಿದ್ದೆ.

ಕವಡೆ

ಮಾದರಿ ಪಾಠದ ದಿನ ಬಂತು. ಕಂಪ್ಯೂಟರಿಗೆ ಗೊತ್ತಿರುವುದು ಒಂದು, ಸೊನ್ನೆ ಎರಡೇ ಎಂದು ತೋರಿಸಲು ನಾಲ್ಕು ಕವಡೆ ತರಿಸಿದ್ದೆ. ಅಂಗಾತ ಬಿದ್ದರೆ ಒಂದು, ಬೋರಲು ಬಿದ್ದರೆ ಸೊನ್ನೆ. ಮೇಡಂ ಎಸೆದರು. ನಾಲ್ಕೂ ಬೋರಲು. ಎಷ್ಟು ಎಂದು ಕೇಳಿದರು. ಇಡೀ ಕ್ಲಾಸು ಎಂಟು ಎಂದಿತು. ಚೌಕಾಬಾರ ಆಡಿ ಬೆಳೆದ ಮಕ್ಕಳು, ನಾಲ್ಕು ಬೋರಲಾದರೆ ಅವರ ಮನೆಗಳಲ್ಲಿ ಎಂಟೇ, ಇನ್ನೊಮ್ಮೆ ಎಸೆಯುವ ಗರವೂ ಹೌದು. ಮೇಡಂ ಮತ್ತೆ ವಿವರಿಸಿದರು. ಮತ್ತೆ ಎಂಟು. ಸಾಹೇಬರು ಎದ್ದು ನಿಂತರು. ಐದು ಕಂಪ್ಯೂಟರೂ ಚನ್ನರಾಯಪಟ್ಟಣದ ಬಸ್ಸು ಹತ್ತಿದಂತೆ ನನಗೆ ಕಂಡಿತು.

"ಸೊನ್ನೆ ಎಂಗಾಯ್ತದೆ ಮೇಡಂ? ಎಂಟೇ ಕಣ್ರೀ. ಗರ ಬಿದ್ದದೆ, ಇನ್ನೊಂದ್ ದಪ ಆಕಿ," ಎಂದರು ಸಾಹೇಬರು.

ಮೇಡಂ ಕವಡೆ ಮುಟ್ಟಲಿಲ್ಲ. "ಆಟದಾಗೆ ಎಂಟು ಸಾ, ಕಂಪ್ಯೂಟರ್ನಾಗೆ ಸೊನ್ನೆ. ಕವಡೆ ಅವೇ, ನಾವು ಮಾಡ್ಕಂಡಿರೋ ಒಪ್ಪಂದ ಬ್ಯಾರೆ. ಇವತ್ತಿನ ಪಾಠಾನೇ ಅದು."

ಸಾಹೇಬರು ಪಂಚೆ ಉಟ್ಟವರಂತೆ ಪ್ಯಾಂಟು ಮೇಲೆಳೆದುಕೊಂಡು ಮಕ್ಕಳ ಮಧ್ಯೆ ನೆಲಕ್ಕೆ ಕೂತರು. ಗಂಟೆ ಹೊಡೆದರೂ ಏಳಲಿಲ್ಲ. ಕೊನೆಗೆ, ಕಂಪ್ಯೂಟರ್ ಐದೂ ಇಲ್ಲೇ ಇರಲಿ ಎಂದು ವರದಿಯಲ್ಲಿ ಬರೆದು, ಕವಡೆ ನಾಲ್ಕನ್ನೂ ತಮ್ಮ ಜೇಬಿಗೆ ಹಾಕಿಕೊಂಡು ಹೊರಟರು.

ಎಲ್ಲವೂ ನಿಜ, ಒಂದು ಸಣ್ಣದನ್ನು ಬಿಟ್ಟು. ಕವಡೆ ತರಿಸಿದ್ದು ನಾನಲ್ಲ, ಮೇಡಂ. ಅದು ಬೇಡ, ಮಕ್ಕಳು ಗಲಿಬಿಲಿಗೊಳ್ಳುತ್ತಾರೆ ಎಂದವನು ನಾನು.