ಮೋಟಾರಿಗೆ ಸಾಣೆ ಹಿಡಿಸಿದ್ದು

ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಿನಲ್ಲಿ ಉಳಿಯುವ ಸುಣ್ಣವನ್ನು ಎಲ್ಲಿ ಒರೆಸಬೇಕು ಎಂಬುದರ ಬಗ್ಗೆ ನಮ್ಮ ಹಿರಿಯರು ಒಂದು ಮಾತನ್ನೂ ಹೇಳಿಹೋಗಿಲ್ಲ. ಯಾವ ದಿಕ್ಕಿಗೆ ತಲೆಯಿಟ್ಟು ಮಲಗಬೇಕು, ಯಾವ ವಾರ ಕ್ಷೌರ ಮಾಡಿಸಬಾರದು, ಹೊರಟಾಗ ಯಾರಾದರೂ ಸೀನಿದರೆ ಏನು ಮಾಡಬೇಕು, ಎಲ್ಲವನ್ನೂ ಕೂಲಂಕಷವಾಗಿ ವಿಧಿಸಿದ ಆ ಮಹನೀಯರು ಇದೊಂದನ್ನು ಮಾತ್ರ ಜನರ ವಿವೇಚನೆಗೆ ಬಿಟ್ಟರು. ಜನರ ವಿವೇಚನೆಗೆ ಬಿಟ್ಟದ್ದು ಎಲ್ಲಿಗೆ ಬರುತ್ತದೆ? ನಮ್ಮ ದುರ್ಗದಲ್ಲಿ ಬೆರಳಗಲದ ಬಿಳಿ ಗೀಟಿಲ್ಲದ ಕಂಬ ತೋರಿಸಿ, ಬಾಗಿಲು ತೋರಿಸಿ. ನಿಜ ಹೇಳಬೇಕೆಂದರೆ ನನ್ನ ಮಂಡಿಯ ಕಂಬಕ್ಕೆ ನಾನೇ ಎಷ್ಟೋ ಸಲ ಒರೆಸಿದ್ದೇನೆ. ಆದರೆ ಕಂಬ ಬೇರೆ, ಮೋಟಾರು ಬೇರೆ.

ನನ್ನದು ಹತ್ತಿಯ ಮಂಡಿ. ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಂದ ನಾನು ಕೊಂಡ ಕಪ್ಪು ಮೋಟಾರು ಮಂಡಿಯ ಮುಂದೆಯೇ ನಿಲ್ಲುತ್ತಿತ್ತು. ಹತ್ತಿ ತಂದವರು ಬಂಡಿ ಬಿಟ್ಟು, ಎತ್ತು ಕಟ್ಟಿ, ಸಂಚಿ ಬಿಚ್ಚಿ, ಎಲೆ ಹಾಕಿ, ಬೆರಳನ್ನು ಕಣ್ಣೆತ್ತಿಯೂ ನೋಡದೆ ಅದರ ಬಾಗಿಲಿಗೆ ಒರೆಸುವರು. ಸುಣ್ಣ ಬಣ್ಣವನ್ನು ತಿನ್ನುತ್ತದೆ ಎಂದು ಎಷ್ಟು ಕೂಗಿದರೂ ಅಷ್ಟೇ. ಹರಿಯಬ್ಬೆಯ ಮುದುಕರೊಬ್ಬರು ಒರೆಸಿದ್ದು ಸಾಲದೆ, ಅಡಿಯಲ್ಲಿರುವುದು ಕಟ್ಟಿಗೆಯೋ ಕಬ್ಬಿಣವೋ ಎಂದು ಉಗುರಿನಿಂದ ಕೆರೆದೂ ನೋಡಿದರು. ನಾನು ಹಾರಿಬಿದ್ದು ಕೇಳಿದರೆ, "ಎಲ್ಲಿ ಒರೆಸ್ಬೇಕು ಸಾವ್ಕಾರ್ರೆ ಮತ್ತೆ? ಪಂಚೆಗೆ ಒರೆಸ್ಕಂಡ್ರೆ ಪಂಚೆ ಹಾಳಾಗಲ್ವಾ?" ಎಂದು ನನಗೇ ಬುದ್ಧಿ ಹೇಳಿದರು. ಅವರ ಪಂಚೆಯ ಬಣ್ಣ ನೋಡಿದರೆ, ಅದರಲ್ಲಿ ಹಾಳಾಗಲು ಇನ್ನೇನು ಉಳಿದಿತ್ತೋ ದೇವರೇ ಬಲ್ಲ.

ಹೀಗೆ ಮೋಟಾರು ಕಜ್ಜಿ ಹತ್ತಿದ ಎಮ್ಮೆಯಂತಾಗಿದ್ದ ಹೊತ್ತಿಗೇ ಮಗಳ ಮದುವೆ ಗೊತ್ತಾಯಿತು. ಗಂಡು ಹೊಳಲ್ಕೆರೆಯವನು. ಬೀಗರು ಬೇರೇನನ್ನೂ ಕೇಳಲಿಲ್ಲ. ಎದುರುಗೊಂಡ ಮೇಲೆ ಗಂಡನ್ನು ಮೋಟಾರಿನಲ್ಲಿ ಮೆರವಣಿಗೆ ಮಾಡಿಸಿರಿ ಎಂದರು. ಕೇಳಿ ಎದೆಯುಬ್ಬಿಸಿಕೊಂಡು ನಿಂತಿದ್ದೆ. ಆಗ ಹಿರಿಯೂರಿನಿಂದ ಬಂದಿದ್ದ ಮಲ್ಲಣ್ಣ ಬಾಯಿ ಹಾಕಿದ. ಇವನು ನನ್ನ ದೊಡ್ಡಪ್ಪನ ಮಗ. ನಾನು ತಕ್ಕಡಿ ಬದಲಾಯಿಸಿದರೆ ತಾನೂ ಬದಲಾಯಿಸುವವನು, ನಾನು ಮಹಡಿ ಕಟ್ಟಿಸಿದರೆ ತಾನೂ ಕಟ್ಟಿಸುವವನು. ನನಗಿಂತ ಮೊದಲೇ ಮೋಟಾರು ಕೊಂಡದ್ದು ಕೂಡ, ನಾನು ಕೊಳ್ಳುತ್ತೇನೆಂದು ಗೊತ್ತಾಗಿಯೇ. ಅವನು ಬೀಗರ ಎದುರಿಗೇ ನನ್ನ ಹೆಗಲ ಮೇಲೆ ಕೈ ಹಾಕಿ, "ನಿನ್ ಗಾಡಿ ಬಣ್ಣ ಹೋಗೈತೆ ಬಿಡು ತಮ್ಮ. ನಂದು ಕಳಿಸ್ತೀನಿ. ಗಂಡು ಕೂರೋದು ನೋಡಾಕೆ ಚಂದ ಇರ್‍ಬೇಕಲ್ಲ" ಎಂದ. ಬೀಗರು ನಕ್ಕರು. ಆ ನಗೆಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ನನ್ನ ಮಗಳ ಮದುವೆಯಲ್ಲಿ, ನನ್ನ ಬೀದಿಯಲ್ಲಿ, ನನ್ನ ಅಳಿಯ ಮಲ್ಲಣ್ಣನ ಮೋಟಾರಿನಲ್ಲಿ ಮೆರೆಯುವುದೆ? ನನ್ನ ಗಾಡಿಯನ್ನು ಕನ್ನಡಿಯಂತೆ ಹೊಳೆಸದಿದ್ದರೆ ಕೇಳಿ ಎಂದು ಅಲ್ಲೇ ಹೇಳಿಬಿಟ್ಟೆ.

ಹೇಳುವುದೇನೋ ಹೇಳಿದೆ. ಹೊಳೆಸುವುದು ಹೇಗೆ? ದಾರಿ ತೋರಿಸಿದವನು ನನ್ನ ಹೆಂಡತಿಯ ತಮ್ಮ ಶಿವರುದ್ರ. ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಓದಿ ಬಂದವನಾದ್ದರಿಂದ ಅವನಿಗೆ ತಿಳಿಯದ ವಿಷಯವಿಲ್ಲ. "ಕೈಲಿ ಉಜ್ಜಿದ್ರೆ ಬರಲ್ಲ ಭಾವ. ಬೆಂಗಳೂರಿನ ದಂಡಿನ ಕಡೆ ದೊರೆಗಳ ಗಾಡಿಗಳಿಗೆ ಯಂತ್ರದಲ್ಲೇ ಉಜ್ಜೋದು" ಎಂದ. ದುರ್ಗದಲ್ಲಿ ಯಂತ್ರವೆಲ್ಲಿಂದ ಬರಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಬೀದಿಗೆ ಹೋಗಿ, ಚಾಕು ಕತ್ತರಿಗೆ ಸಾಣೆ ಹಿಡಿಯುವವನನ್ನು ಅವನ ಕಾಲುಗಾಲಿಯ ಸಮೇತ ಕರೆತಂದ. ಸಾಣೆಕಲ್ಲಿನ ಸುತ್ತ ಹಳೆಯ ಕಂಬಳಿಯ ಪಟ್ಟಿ ಸುತ್ತಿ ಹುರಿಯಿಂದ ಬಿಗಿದದ್ದಾಯಿತು. ಯಂತ್ರದ ಒಡೆಯನಿಗೆ ಜಗಲಿಯ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಕೊಟ್ಟು ಕೂರಿಸಿದ್ದೂ ಆಯಿತು.

ಇನ್ನು ನುಣುಪಾದ ಪುಡಿ ಬೇಕು. ಲೋಕದಲ್ಲಿ ವಿಭೂತಿಗಿಂತ ನುಣುಪಾದ ಪುಡಿ ಯಾವುದು? ದೇವರ ಕೋಣೆಯಿಂದ ನಾಲ್ಕು ಗಟ್ಟಿ ತಂದು ಕುಟ್ಟುತ್ತಿದ್ದೆ. ನನ್ನ ಹೆಂಡತಿ ಗೌರಮ್ಮ ಬಂದು ಕಂಡಳು. "ಹಣೆಗೆ ಹಚ್ಚೋದನ್ನ ಗಾಡಿಗೆ ಹಾಕಿ ಕಾಲಲ್ಲಿ ತುಳೀತೀರಾ? ನಿಮಗೇನು ಬಂದೈತೆ ಅಂತೀನಿ!" ಆಯುಧಪೂಜೆಯ ದಿನ ಇದೇ ಗಾಡಿಯ ಮೂತಿಗೆ ಇದೇ ವಿಭೂತಿಯನ್ನು ಮೂರು ಬೆರಳಲ್ಲಿ ಬಳಿದವಳು ಇವಳೇ! ಆ ದಿನ ಪುಣ್ಯವಾದದ್ದು ಈ ದಿನ ಪಾಪವಾಗುವುದು ಹೇಗೆಂದು ಕೇಳಿದೆ. ಅವಳು ಉಳಿದ ಗಟ್ಟಿಗಳನ್ನು ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದಳು. ಅದು ಉತ್ತರವೇ? ನೀವೇ ಹೇಳಿ.

ಕೆಲಸ ಶುರುವಾದ ಮೇಲೆ ಒಂದು ಸಂಗತಿ ಹೊಳೆಯಿತು. ಸಾಣೆಗಾಲಿ ಚಾಕುವಿನ ಬಳಿಗೆ ಹೋಗುವುದಿಲ್ಲ. ಚಾಕುವೇ ಗಾಲಿಯ ಬಳಿಗೆ ಬರಬೇಕು. ಅಂದರೆ ಮೋಟಾರೇ ಬರಬೇಕು. ಕಾಲಿಡುವ ಹಲಗೆ ಅಡ್ಡ ಬಂತು, ಬಿಚ್ಚಿಸಿದೆವು. ಮಂಡಿಯ ಹಮಾಲರು ಗಾಡಿಯನ್ನು ಗಾಲಿಗೆ ಒತ್ತಿ ಹಿಂದಕ್ಕೂ ಮುಂದಕ್ಕೂ ನೂಕಿದರು, ಶಿವರುದ್ರ ತುಳಿದ, ನಾನು ವಿಭೂತಿ ಉದುರಿಸಿದೆ. ಬೀದಿಯ ಜನವೆಲ್ಲ ಕೆಲಸ ಬಿಟ್ಟು ನೋಡಲು ನಿಂತರು. "ಏನಪ್ಪ, ಮೋಟಾರು ಮೊಂಡಾಗೈತಾ?" ಎಂದು ಯಾರೋ ಹಿಂದಿನಿಂದ ಕೇಳಿದರು. ತಿರುಗಿ ನೋಡಿದರೆ ಎಲ್ಲರ ಮುಖವೂ ಗಂಭೀರವಾಗಿತ್ತು. ಇದು ನಮ್ಮೂರಿನವರ ಹಳೆಯ ವಿದ್ಯೆ.

ಸಂಜೆಯ ಹೊತ್ತಿಗೆ ಹೊಳಪು ಬಂತು. ಸುಳ್ಳು ಹೇಳುವುದಿಲ್ಲ, ಕನ್ನಡಿಯೇ ಸರಿ. ಆದರೆ ಗಾಲಿಯ ಎತ್ತರ ಬದಲಾಗುವಂಥದ್ದಲ್ಲವಾದ್ದರಿಂದ, ಬಾಗಿಲಿನ ನಡುವೆ ಒಂದು ಗೇಣಗಲದ ಪಟ್ಟಿ ಮಾತ್ರ ಹೊಳೆಯುತ್ತಿತ್ತು. ಮೇಲೆ ಕೆಳಗೆ ಮೊದಲಿನ ಎಮ್ಮೆಯೇ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರೆ ಅದರಲ್ಲಿ ನನ್ನ ಮೀಸೆಯ ಕೂದಲು ಕೂಡ ಕಾಣುತ್ತಿತ್ತು. ಮೇಲಿನದನ್ನು ನಾಳೆ ಸಾಣೆಗಾಲಿಯ ಕೆಳಗೆ ಇಟ್ಟಿಗೆ ಕೊಟ್ಟು ಉಜ್ಜೋಣವೆಂದು ಶಿವರುದ್ರ ಹೇಳಿ, ಹೊಳಪು ಉಳಿಯಲೆಂದು ಜೇನುಮೇಣವನ್ನು ಅಗಸೆ ಎಣ್ಣೆಯಲ್ಲಿ ಕಾಯಿಸಿ ಪಟ್ಟಿಗೆ ಬಳಿದ. ಪಟ್ಟಿ ಇನ್ನೂ ಮಿಂಚಿತು. ನಾನು ಕೂತು ನೋಡಿದೆ, ಎದ್ದು ಹೋಗಿ ಮತ್ತೆ ಬಂದು ಕೂತು ನೋಡಿದೆ. ಮಲ್ಲಣ್ಣನ ಮುಖ ನೆನೆದು ಒಬ್ಬನೇ ನಕ್ಕೆ.

ಮಾರನೆಯ ಬೆಳಿಗ್ಗೆ ಮದಕರಿಪುರದ ಕುರಿಗಾಹಿ ಚಿಕ್ಕೀರಪ್ಪ, ಮದುವೆಯ ಗದ್ದಿಗೆಗೆ ಹೇಳಿದ್ದ ಕಂಬಳಿಗಳನ್ನು ಹೊತ್ತು ತಂದ. ಗೌರಮ್ಮ ಅದರಲ್ಲೊಂದನ್ನು ಎತ್ತಿಕೊಂಡು, "ಹೊಳೆಯೋದನ್ನ ಬಯಲಲ್ಲಿ ಬಿಡಬಾರ್ದು. ಇದನ್ನ ಹೊದಿಸ್ರಿ, ಕಣ್ಣು ಬೀಳ್ತೈತೆ" ಎಂದಳು. ಕಣ್ಣು ಬೀಳಲೆಂದೇ ಅಲ್ಲವೆ ಇಷ್ಟೆಲ್ಲ ಮಾಡಿದ್ದು! ಕಂಬಳಿ ಹೊದಿಸಿ ಮುಚ್ಚುವುದಾದರೆ ಎಮ್ಮೆಯನ್ನೇ ಮುಚ್ಚಬಹುದಿತ್ತು. ಹಾಗೆಂದು ಜೋರಾಗಿಯೇ ಹೇಳಿದೆ.

ಚಿಕ್ಕೀರಪ್ಪ ಎಲ್ಲಿಗೆ ಹೋದರೂ ಅವನ ಟಗರು ಹಿಂದೆ ಬರುತ್ತದೆ. ಕಾಳಗದಲ್ಲಿ ಹೆಸರು ಮಾಡಿದ, ಸುರುಳಿಕೊಂಬಿನ, ಗಂಭೀರ ಪ್ರಾಣಿ. ನಾವು ಕಂಬಳಿ ನೋಡುತ್ತಿರುವಾಗ ಅದು ಮೋಟಾರಿನ ಬಳಿ ಹೋಯಿತು. ಪಟ್ಟಿಯೆದುರು ನಿಂತು ದಿಟ್ಟಿಸಿತು. ಆಮೇಲೆ ಮೆಲ್ಲಗೆ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಪ್ರಾಣಿಗೂ ಬೆಲೆ ತಿಳಿಯುತ್ತದೆ, ಎಷ್ಟು ಮರ್ಯಾದೆಯಿಂದ ಹಿಂದೆ ಸರಿಯುತ್ತಿದೆ ನೋಡು ಎಂದು ಶಿವರುದ್ರನಿಗೆ ಹೇಳಿದೆ. "ಅಯ್ಯೋ ಸಾವ್ಕಾರ್ರೆ, ಟಗರು ಹಿಂದಕ್ ಸರಿಯಾದು ಗುದ್ದಾಕೆ!" ಎಂದು ಚಿಕ್ಕೀರಪ್ಪ ಕಂಬಳಿ ಬಿಸಾಡಿ ಓಡಿದ. ಅವನು ಮುಟ್ಟುವಷ್ಟರಲ್ಲಿ ಮೊದಲ ಗುದ್ದು ಬಿದ್ದಿತ್ತು. ತಗ್ಗಾದ ತಗಡಿನಲ್ಲಿ ಎದುರಾಳಿ ಇನ್ನೂ ವಿಕಾರವಾಗಿ ಕಂಡಿರಬೇಕು. ಎರಡನೆಯದು ಮೊದಲಿನದಕ್ಕಿಂತ ಜೋರಾಗಿತ್ತು. ಮೂರನೆಯದಕ್ಕೆ ಬಾಗಿಲು ಕೀಲು ಕಳಚಿ ಒಳಗಿನ ಮೆತ್ತೆಯ ಮೇಲೆ ಒರಗಿತು.

ನಾನು ಕೂಗಾಡಿದ್ದು ಕೋಟೆಯವರೆಗೂ ಕೇಳಿಸಿತಂತೆ. ಚಿಕ್ಕೀರಪ್ಪ ಟಗರಿನ ಕೊಂಬು ಹಿಡಿದುಕೊಂಡು, "ಅದೇನ್ ಮಾಡ್ತೈತೆ ಬಿಡ್ರಿ. ಬ್ಯಾರೆ ಕುರಿ, ದನ, ನಾಯಿ ಯಾವುದಕ್ಕೂ ಏನೂ ಅನ್ನಲ್ಲ. ತನ್ನಂಗೇ ಇರೋ ಇನ್ನೊಂದು ಎದುರಿಗೆ ನಿಂತ್ರೆ ಮಾತ್ರ ತಡಿಯಲ್ಲ" ಎಂದ. ಇದೂ ಒಂದು ಸಮಜಾಯಿಷಿಯೆ! ಟಗರಿಗೆ ಬುದ್ಧಿಯಿಲ್ಲವೆಂದರೆ ಒಪ್ಪಬಹುದು, ಅದರ ಪರವಾಗಿ ವಕಾಲತ್ತು ಬೇರೆ. ಗೌರಮ್ಮ ಬಿದ್ದ ಕಂಬಳಿಯನ್ನು ಎತ್ತಿ ಧೂಳು ಕೊಡವಿ, ನನ್ನ ಕಣ್ಣೆದುರಿಗೇ ಮಡಿಸಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಗುದ್ದಿಸಿಕೊಂಡ ಗಾಡಿಯಲ್ಲಿ ಮದುವೆಗಂಡು ಕೂರುವುದು ಶುಭವಲ್ಲವೆಂದು ಬೀಗರು ಹೇಳಿಕಳಿಸಿದರು. ನಾನು ಎದೆಯ ಮೇಲೆ ಕಲ್ಲಿಟ್ಟುಕೊಂಡು ಹಿರಿಯೂರಿಗೆ ಆಳು ಕಳಿಸಿದೆ.

ಎದುರುಗೊಳ್ಳುವ ದಿನ ಮಲ್ಲಣ್ಣನ ಮೋಟಾರು ಬಂತು. ದಾರಿಯುದ್ದಕ್ಕೂ ಧೂಳು ಕುಡಿದು ಬಂದದ್ದು, ಒಂದೇ ಸಲ ಒದ್ದೆ ಬಟ್ಟೆ ಆಡಿಸಿದ್ದಕ್ಕೆ ತಲೆಯಿಂದ ಬಾಲದವರೆಗೆ ಹೊಳೆಯತೊಡಗಿತು. ತಡೆಯಲಾರದೆ ಏನು ಹಚ್ಚುತ್ತೀಯಣ್ಣ ಎಂದು ಕೇಳಿದೆ. "ಏನೂ ಹಚ್ಚಲ್ಲ ತಮ್ಮ. ಹಟ್ಟಿ ಒಳಗೆ ಕಂಬಳಿ ಹೊದಿಸಿ ನಿಲ್ಲಿಸ್ತೀನಿ" ಎಂದ. ಹೇಳುವಾಗ ಎಂಥ ಮುಗ್ಧ ಮುಖ! ನನ್ನ ಅಳಿಯ ಹೂವಿನ ಹಾರ ಹಾಕಿಕೊಂಡು ಹತ್ತಿ ಕೂತ. ವಾಲಗ ಶುರುವಾಯಿತು. ಬೀಗರು ನಗುತ್ತಿದ್ದರು. ಮಲ್ಲಣ್ಣ ಬಂದವರಿಗೆಲ್ಲ, ತಮ್ಮನ ಕೆಲಸವೆಂದರೆ ನನ್ನ ಕೆಲಸವಲ್ಲವೆ ಎನ್ನುತ್ತಿದ್ದ. ನಾನು ಆ ಬಾಗಿಲಿನ ಎದುರಿಗೇ ನಿಂತಿದ್ದೆ. ಅದರಲ್ಲಿ ಪೇಟ ಸುತ್ತಿದ, ಮೀಸೆ ತಿರುವಿದ, ಕಣ್ಣು ಕೆಂಪಾದ ಒಬ್ಬ ಮನುಷ್ಯ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಮಲ್ಲಣ್ಣನೇ ಎಂದುಕೊಂಡೆ, ನಮ್ಮಿಬ್ಬರಿಗೂ ತಾತನ ಮುಖವೇ ಬಂದಿದೆ. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಯಾರೋ ಶಲ್ಯ ಹಿಡಿದು ಎಳೆದರು.

"ಹಿಂದಕ್ಯಾಕೆ ಸರೀತಿದೀರಾ?" ಎಂದಳು ಗೌರಮ್ಮ. "ಸುಮ್ಕೆ ಇಲ್ಲೇ ನಿಂತ್ಕಳ್ರಿ."