ಒಂದು ಗುರುವಾರವನ್ನು ಹಿಂದಿರುಗಿಸುವ ಕುರಿತು

ವಾಯಿದೆ ವಿನಿಮಯ ಕೇಂದ್ರದ ಘನತೆವೆತ್ತ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ಮಂಗಳೂರಿನ ಮಣ್ಣಗುಡ್ಡದಲ್ಲಿ ಮೂವತ್ತೊಂದು ವರ್ಷಗಳಿಂದ ಪೌರೋಹಿತ್ಯ ಮಾಡಿಕೊಂಡು ಬಂದಿರುವ ರಾಧಾಕೃಷ್ಣ ಭಟ್ಟನೆಂಬ ನಾನು ತಮಗೂ, ತಮ್ಮ ಕಂಪ್ಯೂಟರುಗಳಿಗೂ, ಅವುಗಳನ್ನು ತಂಪಾಗಿಡುವ ಏಸಿಗಳಿಗೂ ಆಯುರಾರೋಗ್ಯ ಹಾರೈಸಿ ಬಿನ್ನವಿಸಿಕೊಳ್ಳುವುದೇನೆಂದರೆ, ತಾವು ನನ್ನ ಕೈಯಿಂದ ತೆಗೆದುಕೊಂಡ ಗುರುವಾರಗಳಲ್ಲಿ ಒಂದನ್ನು, ಅದೂ ಇಪ್ಪತ್ತು ನಿಮಿಷಗಳ ಮಟ್ಟಿಗೆ, ದಯವಿಟ್ಟು ಹಿಂದೆ ಕೊಡಬೇಕು. ನನ್ನ ಮಗಳ ಮದುವೆಯಿದೆ.

ತಾವು ಹುಟ್ಟಿದ ಕಾಲ ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿಲ್ಲದ ಷೇರನ್ನು ಇವತ್ತೇ ಬೆಲೆ ಕಟ್ಟಿ ತಿಂಗಳ ಕೊನೆಯ ಲೆಕ್ಕಕ್ಕೆ ಕೊಳ್ಳುವ, ಮಾರುವ ಅಂಗಡಿಯೊಂದು ತೆರೆದಿದೆಯೆಂದು ಪತ್ರಿಕೆಯಲ್ಲಿ ಓದಿ ನಾನೂ ಮೆಚ್ಚಿಕೊಂಡಿದ್ದೆ. ಆಗ ಒಪ್ಪಂದಗಳೆಲ್ಲ ಮುಗಿದು ಗೆದ್ದವರಾರು, ಸೋತವರಾರು ಎಂದು ತೀರ್ಮಾನವಾಗುವ ಎಕ್ಸ್‌ಪೈರಿ ದಿನ ತಿಂಗಳಿಗೆ ಒಂದೇ, ಕೊನೆಯ ಗುರುವಾರ. ಸಂಕ್ರಮಣ ತಿಂಗಳಿಗೊಮ್ಮೆ ಬರುತ್ತದಲ್ಲ, ಇದೂ ಒಂದು ಬರಲಿ ಎಂದು ಸುಮ್ಮನಿದ್ದೆ. ಕೆಲವು ವರ್ಷಗಳಾದ ಮೇಲೆ ತಾವು ಎಲ್ಲರ ಮೊಬೈಲಿಗೂ ಇಳಿದು ಬಂದಿರಿ, ಜನರ ಮೇಲಿನ ಪ್ರೀತಿ ತಡೆಯಲಾರದೆ ಎಕ್ಸ್‌ಪೈರಿಯನ್ನು ವಾರಕ್ಕೊಮ್ಮೆ ಮಾಡಿದಿರಿ.

ಕೂಳೂರಿನಲ್ಲಿ ಹೋಟೆಲು ನಡೆಸುವ ಸುಜಿತ್ ಶೆಟ್ಟರು ಗೃಹಪ್ರವೇಶಕ್ಕೆ ದಿನ ಕೇಳಲು ಬಂದಾಗ, ರೋಹಿಣಿ ನಕ್ಷತ್ರ ಕೂಡಿ ಬಂದ ಗುರುವಾರವೊಂದನ್ನು ಕಷ್ಟಪಟ್ಟು ಹುಡುಕಿ ಮುಂದಿಟ್ಟೆ. ರಾಹುಕಾಲಕ್ಕೆ ಕ್ಯಾರೇ ಅನ್ನದ ಮನುಷ್ಯ ಹೌಹಾರಿ, “ಗುರುವಾರ ಬೇಡ ಭಟ್ರೇ, ಎಕ್ಸ್‌ಪೈರಿ ಉಂಟು. ಬೇರೆ ಎಂತಾದ್ರೂ ನೋಡಿ ಮಾರಾಯ್ರೆ” ಎಂದರು. ನೋಡಿದೆ. ಅಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುವ ಸಂದರ್ಭ ಬರುತ್ತಿರಲಿಲ್ಲ. ಆದರೆ ಇನ್ನೂ ನಾಲ್ಕು ಮನೆಯವರು ಅದೇ ಮಾತು ಹೇಳಿದ ಮೇಲೆ, ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳ ಪಕ್ಕದಲ್ಲಿ ಆರನೆಯದಾಗಿ ತಮ್ಮ ಎಕ್ಸ್‌ಪೈರಿಯನ್ನೂ ನನ್ನ ಪಂಚಾಂಗದ ಅಂಚಿಗೆ ಕೆಂಪು ಶಾಯಿಯಲ್ಲಿ ಬರೆದುಕೊಳ್ಳತೊಡಗಿದೆ. “ನಮ್ಮ ಭಟ್ರು ಭಾರೀ ಅಪ್‌ಡೇಟ್” ಎಂದು ಊರು ಹೊಗಳಿತು, ನಾನು ಉಬ್ಬಿದೆ.

ಹೀಗಿರುವಾಗ ತಾವು ಎಕ್ಸ್‌ಪೈರಿಯನ್ನು ಮಂಗಳವಾರಕ್ಕೆ ವರ್ಗಾಯಿಸಿದಿರಿ. ಮದುವೆ, ಮುಂಜಿಗಳಿಗೆ ನಾವು ಹೇಗೂ ಮುಟ್ಟದ ವಾರವದು. ತಮ್ಮ ಇಡೀ ಇತಿಹಾಸದಲ್ಲಿ ಇಷ್ಟು ಶಾಸ್ತ್ರಸಮ್ಮತವಾದ ಕೆಲಸ ಇನ್ನೊಂದಿಲ್ಲ. ಆ ಸಂತೋಷದ ಭರದಲ್ಲಿ ನನ್ನ ಒಬ್ಬಳೇ ಮಗಳು ಸಿಂಧುವಿನ ಮದುವೆಗೆ ಗುರುವಾರ ಮಧ್ಯಾಹ್ನ ಹನ್ನೆರಡು ಹತ್ತರ ಲಗ್ನವನ್ನು ಗೊತ್ತು ಮಾಡಿ, ಹಾಲ್ ಹಿಡಿದು, ಆಮಂತ್ರಣದ ಕಾಗದವನ್ನೂ ಅಚ್ಚು ಹಾಕಿಸಿಬಿಟ್ಟೆ. ತಾವು ಎದ್ದ ಕೂಡಲೇ ತಮ್ಮ ಪ್ರತಿಸ್ಪರ್ಧಿಯಾದ ಇನ್ನೊಂದು ವಿನಿಮಯ ಕೇಂದ್ರ, ಬಸ್ಸಿನ ಸೀಟಿಗೆ ಕರವಸ್ತ್ರ ಎಸೆಯುವವರ ಹಾಗೆ, ತನ್ನ ಎಕ್ಸ್‌ಪೈರಿಗೆ ಗುರುವಾರವನ್ನು ಹಿಡಿದುಕೊಂಡಿತೆಂದು ನನಗೆ ಆಮೇಲೆ ತಿಳಿಯಿತು.

ತಿಳಿಸಿದವನು ವರ. ಬಜಪೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುವ ಆತ್ರೇಯ ಒಳ್ಳೆಯ ಹುಡುಗನೇ, ತಮ್ಮ ಎರಡೂ ಕೇಂದ್ರಗಳ ಸಹವಾಸವೊಂದನ್ನು ಬಿಟ್ಟರೆ. ಮೊನ್ನೆ ಮನೆಗೆ ಬಂದು, “ಮಾವ, ಮುಹೂರ್ತ ಮೂರೂವರೆ ನಂತರ ಇಡ್ಲಿಕ್ಕೆ ಆಗ್ತದಾ? ಮಾರ್ಕೆಟ್ ಕ್ಲೋಸ್ ಆದ್ರೆ ಫ್ರೀ ಮೈಂಡಲ್ಲಿ ತಾಳಿ ಕಟ್ಟಬಹುದು” ಎಂದು ಕೇಳಿದ. ಅವನಿಗೆ ಬೈಯಬೇಕಾದ ನಾನು, ಅಭ್ಯಾಸಬಲದಿಂದ, ಗೋಧೂಳಿ ಲಗ್ನ ಸಿಗುತ್ತದೋ ಎಂದು ಪಂಚಾಂಗಕ್ಕೆ ಕೈ ಹಾಕಿದೆ.

ಅವನು ಹೋದ ಮೇಲೆ ಸಿಂಧು ಹೇಳಿದಳು: “ಅವರಿಗೆ ಬೈದು ಎಂತ ಪ್ರಯೋಜನ ಅಪ್ಪ? ಇಷ್ಟು ವರ್ಷ ಊರಿನವರಿಗೆಲ್ಲ ದಿನ ಬದಲು ಮಾಡಿ ಕೊಟ್ಟದ್ದು ನೀವೇ ಅಲ್ವಾ? ನನ್ನ ಮುಹೂರ್ತವನ್ನೂ ಬದಲು ಮಾಡಿದ್ರೆ ಈ ಮದುವೆಯೇ ನನಗೆ ಬೇಡ.” ಮಾನ್ಯರೇ, ನನಗೆ ತುಂಬ ನಾಚಿಕೆಯಾಯಿತು. ಮಗಳು ಹೇಳಿದಂತೆ ಮಾಡುವವಳೆಂದು ಗೊತ್ತಿರುವುದರಿಂದ ಹೆದರಿಕೆಯೂ ಆಯಿತು.

ಆದ್ದರಿಂದ ವಿನಂತಿ. ದೀಪಾವಳಿಯಂದು ಮುಹೂರ್ತ ನೋಡಿ ಒಂದು ಗಂಟೆ ಬಾಗಿಲು ತೆರೆಯುವಷ್ಟು ದೈವಭಕ್ತಿಯುಳ್ಳ ತಾವು, ತಮ್ಮ ಪ್ರತಿಸ್ಪರ್ಧಿಗೂ ಬುದ್ಧಿ ಹೇಳಿ, ನಮ್ಮ ಮುಹೂರ್ತಕ್ಕಾಗಿ ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿಸಬೇಕು. ಅದು ಸಾಧ್ಯವಿಲ್ಲವಾದರೆ ದೇಶದ ಎಲ್ಲ ಬೆಲೆಗಳೂ ಅಷ್ಟು ಹೊತ್ತು ಇದ್ದಲ್ಲೇ ಇರುವಂತೆ ಒಂದು ಸುತ್ತೋಲೆ ಹೊರಡಿಸಬೇಕು. ಅದೂ ಆಗದಿದ್ದರೆ ತಮ್ಮ ಕಚೇರಿಯಿಂದ ಒಬ್ಬ ಅಧಿಕಾರಿಯನ್ನು ಕಳುಹಿಸಿಕೊಟ್ಟರೆ, ಅಂತರಪಟದ ಆಚೆ ಆತ್ರೇಯನ ಪಕ್ಕದಲ್ಲಿ ನಿಂತು ಅವನ ಬದಲಿಗೆ ಮೊಬೈಲು ನೋಡಲಿ. ಬಂದವರಿಗೆ ಊಟಕ್ಕೆ ಹೋಳಿಗೆ ಇದೆ, ನಾಚಿಕೊಳ್ಳಬಾರದು.

ಇಂತು, ಇನ್ನೂ ಎಕ್ಸ್‌ಪೈರಿ ಆಗದೆ ಉಳಿದಿರುವ

ತಮ್ಮ ವಿಶ್ವಾಸಿ,
ರಾಧಾಕೃಷ್ಣ ಭಟ್
ಮಣ್ಣಗುಡ್ಡ, ಮಂಗಳೂರು

ಮರೆತ ಮಾತು: ಇದನ್ನು ಅಂಚೆಗೆ ಹಾಕಲು ಹೊರಟಾಗ ತಿಳಿಯಿತು, ಸಿಂಧು ಬೆಳಿಗ್ಗೆಯೇ ಆತ್ರೇಯನಿಗೆ ಫೋನ್ ಮಾಡಿ, “ಮುಹೂರ್ತ ಹನ್ನೆರಡು ಹತ್ತಕ್ಕೆ. ಹನ್ನೆರಡು ಹನ್ನೊಂದಕ್ಕೆ ನಾನು ಮಂಟಪದಲ್ಲಿ ಇರುವುದಿಲ್ಲ” ಎಂದಿದ್ದಾಳೆ. ಸಂಜೆ ಅವನೇ ಬಂದು, “ಆ ದಿನ ನಾನು ಮೊಬೈಲ್ ತರುವುದಿಲ್ಲ ಮಾವ” ಎಂದ. ಆದಕಾರಣ ಮೇಲಿನ ವಿನಂತಿಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ತಾವು ಬಾಗಿಲು ಮುಚ್ಚುವುದು ಬೇಡ. ಬೇಕಾದಷ್ಟು ಏರಿ, ಬೇಕಾದಷ್ಟು ಇಳಿಯಿರಿ. ನಮ್ಮ ಕಡೆಯಿಂದ ಯಾರೂ ನೋಡುತ್ತಿರುವುದಿಲ್ಲ.